ಮಂಗಳ ಹಾಡದೆ ಪರದೆ ಎಳೆಯುವವರು

ಪಾರ್ವತಿನಗರದ ನಮ್ಮ ಮನೆಯಲ್ಲಿ ಅಜ್ಜಿ ಈಗಲೂ ಆಗೊಮ್ಮೆ ಈಗೊಮ್ಮೆ ಕೇಳುತ್ತಾಳೆ: “ಆ ಜಾನಕಿ ಕಡೀಗೆ ಏನಾದ್ಲವ್ವಾ?”

ಜಾನಕಿ ನಮ್ಮ ಸಂಬಂಧಿಕಳಲ್ಲ, ಓಣಿಯವಳೂ ಅಲ್ಲ. ಟಿ.ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ಯ ನಾಯಕಿ. 2018ರ ಜುಲೈನಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಶುರುವಾದ ಆ ಧಾರಾವಾಹಿ 2020ರ ಲಾಕ್‌ಡೌನಿನಲ್ಲಿ ನಿಂತಿತು. ಕಥೆ ಮುಗಿದಿರಲಿಲ್ಲ. ಅಜ್ಜಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಏಕೆಂದರೆ ಉತ್ತರ ಚಿತ್ರೀಕರಣವೇ ಆಗಲಿಲ್ಲ.

ಈ ಮಾತು ಬಂದಾಗಲೆಲ್ಲ ಗೆಳೆಯರು ಒಂದೇ ಪರಿಹಾರ ಹೇಳುತ್ತಾರೆ: “ಯಾವುದಾದರೂ ಒಟಿಟಿ ಅದನ್ನು ಎತ್ತಿಕೊಳ್ಳಲಿ ಬಿಡು. ಎಲ್ಲರೂ ಸೇರಿ ಒತ್ತಾಯಿಸೋಣ.” ಕೇಳಲು ಚೆನ್ನಾಗಿದೆ. ಆದರೆ ಈ ಒತ್ತಾಯದ ಹಿಂದಿರುವ ನಂಬಿಕೆಯೇ ತಪ್ಪು ಎಂಬುದು ನನ್ನ ತಕರಾರು. ಅರ್ಧಕ್ಕೆ ನಿಂತ ದಿನವಹಿ ಧಾರಾವಾಹಿಯನ್ನು ಒಟಿಟಿ ಬದುಕಿಸುವುದಿಲ್ಲ. ಬದುಕಿಸಲಿ ಎಂದು ಕಾಯುತ್ತ ಕೂತರೆ, ನಾವು ನಿಜವಾಗಿ ಕೇಳಬೇಕಾದದ್ದನ್ನು ಕೇಳದೆ ಉಳಿಯುತ್ತೇವೆ.

ಮೊದಲು ಮನೆಯ ಉದಾಹರಣೆಯನ್ನೇ ನೋಡಿ. ಕಲರ್ಸ್ ಸೂಪರ್ ಆಗ ವಯಾಕಾಮ್18 ಸಂಸ್ಥೆಯ ವಾಹಿನಿ. ಅದೇ ಸಂಸ್ಥೆಗೆ 2016ರಿಂದಲೇ ವೂಟ್ ಎಂಬ ಸ್ವಂತ ಒಟಿಟಿ ಇತ್ತು. ದುಡ್ಡು ಕೊಟ್ಟು ನೋಡುವ ವೂಟ್ ಸೆಲೆಕ್ಟ್ ಶುರುವಾದದ್ದು 2020ರ ಮಾರ್ಚ್‌ನಲ್ಲಿ, ಅಂದರೆ ಲಾಕ್‌ಡೌನ್ ಬಂದ ತಿಂಗಳಲ್ಲೇ. ಕಥೆ, ಕಲಾವಿದರು, ಕಾಯುವ ನೋಡುಗರು, ಒಟಿಟಿ ಎಲ್ಲವೂ ಇದ್ದವು. ಆದರೂ ಜಾನಕಿ ಈ ಕೋಣೆಯಿಂದ ಆ ಕೋಣೆಗೆ ದಾಟಲಿಲ್ಲ. ಹಾಗಿರುವಾಗ ಜಾನಕಿಯ ಹೆಸರೇ ಕೇಳದ ನೆಟ್‌ಫ್ಲಿಕ್ಸಿನ ಬಾಗಿಲು ಬಡಿದು ಏನು ಪ್ರಯೋಜನ?

ಇದರಲ್ಲಿ ದ್ವೇಷ ಹುಡುಕಬೇಕಾಗಿಲ್ಲ, ಲೆಕ್ಕ ಹುಡುಕಿದರೆ ಸಾಕು. ದಿನವಹಿ ಧಾರಾವಾಹಿ ವಾರಕ್ಕೆ ಐದಾರು ಕಂತಿನಂತೆ ವರ್ಷಕ್ಕೆ ಇನ್ನೂರೈವತ್ತಕ್ಕೂ ಹೆಚ್ಚು ಕಂತು ಬೇಡುತ್ತದೆ. ಬಾಡಿಗೆ ಮನೆ, ಸೆಟ್, ಕಲಾವಿದರ ಡೇಟ್ಸ್, ಸಂಭಾಷಣೆ ಬರೆಯುವವರು, ಸಂಕಲನಕಾರರು, ಎಲ್ಲವೂ ನಿಲ್ಲದ ಗಾಣದಂತೆ ತಿರುಗುತ್ತಿರಬೇಕು. ಆ ಗಾಣಕ್ಕೆ ಎಣ್ಣೆ ಜಾಹೀರಾತಿನದು, ಜಾಹೀರಾತಿನ ದರ ಟಿಆರ್‌ಪಿಯದು. ಒಟಿಟಿಯ ದಾರಿ ಬೇರೆ. ಅದಕ್ಕೆ ಬೇಕಾದದ್ದು ಹೊಸ ಚಂದಾದಾರ. ಆರು, ಎಂಟು, ಹತ್ತು ಕಂತಿನ ಸೀಸನ್ನು ಅದರ ಅಳತೆ. ಗಾಣ ಒಮ್ಮೆ ನಿಂತರೆ ಸೆಟ್ ಕಳಚುತ್ತದೆ, ಕಲಾವಿದರು ಬೇರೆ ಕೆಲಸ ಹಿಡಿಯುತ್ತಾರೆ. ಆಮೇಲೆ ಅದನ್ನು ತಿರುಗಿಸುವ ಖರ್ಚು ಹೊಸ ಗಾಣ ಹಾಕುವ ಖರ್ಚಿಗಿಂತ ಕಡಿಮೆಯಿರುವುದಿಲ್ಲ.

ಹೊರಗಿನ ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದಲ್ಲಿ 1970ರಿಂದ ನಡೆದಿದ್ದ ‘ಆಲ್ ಮೈ ಚಿಲ್ಡ್ರನ್’, 1968ರಿಂದ ನಡೆದಿದ್ದ ‘ಒನ್ ಲೈಫ್ ಟು ಲಿವ್’ ಧಾರಾವಾಹಿಗಳನ್ನು ನಿಲ್ಲಿಸುವುದಾಗಿ 2011ರಲ್ಲಿ ಘೋಷಿಸಲಾಯಿತು. 2013ರ ಏಪ್ರಿಲ್‌ನಲ್ಲಿ ಇಂಟರ್ನೆಟ್ಟಿನಲ್ಲಿ ಎರಡೂ ಮರುಹುಟ್ಟು ಪಡೆದವು. ವರ್ಷ ತುಂಬುವ ಮೊದಲೇ ಮತ್ತೆ ನಿಂತವು. ಆಸ್ಟ್ರೇಲಿಯಾದ ‘ನೇಬರ್ಸ್’ 1985ರಿಂದ ನಡೆದು 2022ರಲ್ಲಿ ನಿಂತಿತು. ಅಮೆಜಾನ್ 2023ರ ಸೆಪ್ಟೆಂಬರಿನಲ್ಲಿ ಅದನ್ನು ಮತ್ತೆ ತಂದಿತು, ಸುಮಾರು ಎರಡು ವರ್ಷ ನಡೆಸಿ ಕೈಬಿಟ್ಟಿತು. ಜಗತ್ತಿನುದ್ದಕ್ಕೂ ನೋಡುಗರಿದ್ದ ಇಂಗ್ಲಿಷ್ ಧಾರಾವಾಹಿಯ ಪಾಡೇ ಇದಾದರೆ ಕನ್ನಡದ ಪಾಡೇನು?

“ಹಾಗಾದರೆ ‘ಡೇಸ್ ಆಫ್ ಅವರ್ ಲೈವ್ಸ್’?” ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. 1965ರಿಂದ ಎನ್‌ಬಿಸಿಯಲ್ಲಿ ಬರುತ್ತಿದ್ದ ಅದು 2022ರ ಸೆಪ್ಟೆಂಬರಿನಲ್ಲಿ ಅದೇ ಸಂಸ್ಥೆಯ ಪೀಕಾಕ್ ಎಂಬ ಒಟಿಟಿಗೆ ಹೋಯಿತು, ಉಳಿಯಿತು. ಆದರೆ ಗಮನಿಸಿ, ಅದು ನಿಂತು ಮತ್ತೆ ಎದ್ದದ್ದಲ್ಲ. ನಡೆಯುತ್ತಿರುವಾಗಲೇ ಕಾಲುವೆ ತಿರುಗಿಸಿದ ಹಾಗೆ ದಾಟಿಸಿದ್ದು. ತುಂಗಭದ್ರಾ ಕಾಲುವೆಯ ಸೀಮೆಯವರಾದ ನಮಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. ಬೆಳೆ ಒಣಗಿದ ಮೇಲೆ ನೀರು ಬಿಟ್ಟರೆ ಹೊಲ ನೆನೆಯುತ್ತದೆ, ಬೆಳೆ ಏಳುವುದಿಲ್ಲ.

ಕನ್ನಡದ ನೆಲದಲ್ಲೂ ಮರುಹುಟ್ಟಿನ ಕಥೆಗಳಿವೆ. ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಅವರು ತೀರಿಕೊಂಡು ಹದಿನಾರು ವರ್ಷಗಳ ಮೇಲೆ, 2006ರಲ್ಲಿ, ಕವಿತಾ ಲಂಕೇಶ್ ನಿರ್ದೇಶನದ ಹೊಸ ಕಂತುಗಳಾಗಿ ದೂರದರ್ಶನಕ್ಕೆ ಬಂತು. 1998ರಲ್ಲಿ ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಕಟ್ಟಿದ ‘ಮಾಯಾಮೃಗ’ 2022ರಲ್ಲಿ ‘ಮತ್ತೆ ಮಾಯಾಮೃಗ’ವಾಗಿ ಸಿರಿಕನ್ನಡ ವಾಹಿನಿಯಲ್ಲಿ ಶುರುವಾಯಿತು. ಎರಡನ್ನೂ ಕರೆತಂದದ್ದು ಒಟಿಟಿಯಲ್ಲ. ಮೊದಲನೆಯದು ಸರ್ಕಾರಿ ವಾಹಿನಿ, ಎರಡನೆಯದು ದೊಡ್ಡ ಜಾಲಗಳ ನಡುವಿನ ಒಂದು ಸಣ್ಣ ವಾಹಿನಿ. ಇನ್ನೊಂದು ಮಾತೂ ಇದೆ. ಮಾಲ್ಗುಡಿಯಲ್ಲಿ ಹೆಚ್ಚಿನವು ತಮ್ಮಷ್ಟಕ್ಕೆ ಮುಗಿಯುವ ಕಥೆಗಳು. ಮಾಯಾಮೃಗವೂ ಆ ಕಾಲದಲ್ಲೇ ಒಂದು ದಡ ಮುಟ್ಟಿತ್ತು. ಮುಗಿದ ಕಥೆಗೆ ಎರಡನೆಯ ಜನ್ಮ ಸಿಗುತ್ತದೆ, ಕತ್ತರಿಸಿದ ಕಥೆಗೆ ಸಿಗುವುದು ಕಷ್ಟ.

ಇನ್ನು ಒಟಿಟಿಗಳಿಗೆ ಕನ್ನಡದ ಮೇಲೆ ಎಷ್ಟು ಪ್ರೀತಿ ಎಂಬುದು ಗುಟ್ಟೇನಲ್ಲ. ರಕ್ಷಿತ್ ಶೆಟ್ಟಿಯವರಂಥ ಜನಪ್ರಿಯ ನಟನ ಬೆಂಬಲವಿದ್ದ ‘ಏಕಂ’ ಸರಣಿ ಕೊಳ್ಳುವ ಒಟಿಟಿ ಸಿಗದೆ 2024ರ ಜುಲೈನಲ್ಲಿ ತನ್ನದೇ ಜಾಲತಾಣ ಕಟ್ಟಿಕೊಂಡು ಬಿಡುಗಡೆಯಾಯಿತು. ಏಳು ಕಂತಿನ ಹೊಸ ಸರಣಿಗೇ ಬಾಗಿಲು ತೆರೆಯದವರು ನೂರಾರು ಕಂತು ನಡೆದ, ನೂರಾರು ಕಂತು ಬಾಕಿಯಿರುವ ಧಾರಾವಾಹಿಗೆ ತೆರೆಯುತ್ತಾರೆಯೇ? ತೆರೆದರೂ ಆ ಮನೆ ನಿಲ್ಲುವಂಥದ್ದೇ? ವೂಟ್ 2023ರಲ್ಲಿ ಜಿಯೋಸಿನಿಮಾದಲ್ಲಿ ಕರಗಿತು, ಜಿಯೋಸಿನಿಮಾ 2025ರಲ್ಲಿ ಜಿಯೋಹಾಟ್‌ಸ್ಟಾರ್ ಆಯಿತು. ಎರಡೇ ವರ್ಷದಲ್ಲಿ ಮೂರು ಬೋರ್ಡು.

ಹಾಗಾದರೆ ನಾವು ಕೇಳಬೇಕಾದದ್ದೇನು?

ನಮ್ಮ ಬಳ್ಳಾರಿ ಸೀಮೆಯಲ್ಲಿ ಬಯಲಾಟ ಬೆಳ್ಳಂಬೆಳಗು ನಡೆಯುತ್ತದೆ. ಮಳೆ ಬರಲಿ, ಮುಂದೆ ಕೂತವರು ಎದ್ದು ಹೋಗಲಿ, ಪ್ರಸಂಗ ಮೊಟಕಾಗಬಹುದು. ಆದರೆ ಮಂಗಳ ಹಾಡದೆ ಆಟ ಬಿಡುವುದಿಲ್ಲ. ಶ್ರಾವಣದಲ್ಲಿ ಮಠದಲ್ಲಿ ಹಚ್ಚಿದ ಪುರಾಣಕ್ಕೂ ಮಂಗಳದ ದಿನ ಎಂದಿರುತ್ತದೆ. ಕಥೆ ಹೇಳುವವನಿಗೂ ಕೇಳುವವನಿಗೂ ಇರುವ ಹಳೆಯ ಕರಾರು ಅದು. ಟಿವಿಯಲ್ಲಿ ಆ ಕರಾರು ಕಾಗದದ ಮೇಲೆ ಬರಲಿ. ಧಾರಾವಾಹಿ ನಿಲ್ಲಿಸುವುದು ವಾಹಿನಿಯ ಹಕ್ಕು, ಒಪ್ಪೋಣ. ಆದರೆ ನಿಲ್ಲಿಸುವ ಮುನ್ನ ಕಥೆ ಮುಗಿಸಲು ಹತ್ತೋ ಹದಿನೈದೋ ಕಂತು ಕೊಡುವುದು ಕರ್ತವ್ಯವಾಗಲಿ. ಲಾಕ್‌ಡೌನಿನಂಥ ಆಪತ್ತಿನಲ್ಲಿ ಅದು ಆಗದಿದ್ದರೆ ಆಪತ್ತು ಕಳೆದ ಮೇಲೆ ಕೊಡಲಿ. ಇದು ಮೊದಲ ಬೇಡಿಕೆ.

ಎರಡನೆಯದು, ವಾಹಿನಿಗೆ ಬೇಡವಾದ ಕಥೆಯ ಹಕ್ಕು ಇಂತಿಷ್ಟು ವರ್ಷಕ್ಕೆ ಬರೆದವರಿಗೆ ಮರಳಲಿ. ಆಗ ಅವರು ಉಳಿದ ಕಥೆಯನ್ನು ಯೂಟ್ಯೂಬಿನಲ್ಲೋ, ಕೊನೆಗೆ ಕಾದಂಬರಿಯಾಗಿಯೋ ಮುಗಿಸಬಹುದು. ವಾರಪತ್ರಿಕೆಗಳಲ್ಲಿ ಬಂದ ನಮ್ಮ ಎಷ್ಟೋ ಧಾರಾವಾಹಿ ಕಾದಂಬರಿಗಳು ಪುಸ್ತಕವಾದದ್ದರಿಂದಲೇ ಇಂದಿಗೂ ಕೈಗೆ ಸಿಗುತ್ತಿವೆ.

ಮೂರನೆಯದು, ಹಳೆಯ ಕಂತುಗಳು ಸಾರ್ವಜನಿಕರಿಗೆ ಸಿಗಲಿ. ಪ್ರಸಾರ ಭಾರತಿ 2024ರ ನವೆಂಬರಿನಲ್ಲಿ ವೇವ್ಸ್ ಎಂಬ ತನ್ನದೇ ಒಟಿಟಿ ಶುರುಮಾಡಿದೆ. ಒಟಿಟಿಗೇ ಅರ್ಜಿ ಹಾಕುವುದಾದರೆ ಅಲ್ಲಿಗೆ ಹಾಕೋಣ. ಅದು ನಮ್ಮ ತೆರಿಗೆಯ ಒಟಿಟಿ, ಅದನ್ನು ಕೇಳುವ ಹಕ್ಕು ನಮಗಿದೆ. ಚಂದನದಲ್ಲಿ ಬಂದ ಕನ್ನಡ ಧಾರಾವಾಹಿಗಳನ್ನು, ಹಕ್ಕುದಾರರನ್ನು ಒಪ್ಪಿಸಿ, ಪೂರ್ತಿಯಾಗಿ, ಕ್ರಮವಾಗಿ ಅಲ್ಲಿಡಲಿ.

ಇಷ್ಟನ್ನು ಇಲ್ಲಿಯವರೆಗೆ ಯಾಕೆ ಗಟ್ಟಿಯಾಗಿ ಕೇಳಲಿಲ್ಲ? ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಸಂಶೋಧನೆಗೆ ಸೇರಿದ ಹೊಸದರಲ್ಲಿ, ಟಿವಿ ಧಾರಾವಾಹಿಯ ಮೇಲೆ ಒಂದು ಅಧ್ಯಾಯ ಬರೆಯುತ್ತೇನೆ ಎಂದಾಗ ಹಿರಿಯರೊಬ್ಬರು ನಕ್ಕು, “ಅಡುಗೆಮನೆ ಜಗಳಕ್ಕೆ ಪಿಎಚ್‌ಡಿ ಏನಮ್ಮಾ?” ಎಂದರು. ನಾನೂ ನಕ್ಕು ಸುಮ್ಮನಾದೆ. ಆ ನಗುವಿಗೆ ಈಗ ನಾಚಿಕೆಯಾಗುತ್ತದೆ. ನನ್ನ ಅಜ್ಜಿ ಕಾದಂಬರಿ ಓದಿದವಳಲ್ಲ. ನ್ಯಾಯ, ಕೋರ್ಟು, ರಾಜಕಾರಣದ ಬಗ್ಗೆ ಆಕೆ ವಾದ ಮಾಡಿದ್ದು ಸೀತಾರಾಮ್ ಅವರ ಧಾರಾವಾಹಿ ನೋಡಿ. ಆಕೆಗೆ ಸಿಕ್ಕ ದೊಡ್ಡ ಕಥನ ಅದು. ಸಾಹಿತ್ಯದವರು ಅದನ್ನು ಸಾಹಿತ್ಯದ ಲೆಕ್ಕಕ್ಕೆ ಹಿಡಿಯದಿದ್ದರೆ, ವಾಹಿನಿಯವರು ಸರಕಿನ ಲೆಕ್ಕಕ್ಕೆ ಹಿಡಿದರೆಂದು ದೂರುವ ಬಾಯಿ ನಮಗೆಲ್ಲಿದೆ?

ಮೊನ್ನೆ ಊರಿಗೆ ಹೋದಾಗ ಟಿವಿಯಲ್ಲಿ ಹೊಸ ಧಾರಾವಾಹಿಯೊಂದರ ಜಾಹೀರಾತು ಬರುತ್ತಿತ್ತು. “ನೋಡ್ತೀಯೇನಜ್ಜಿ?” ಎಂದೆ. ಆಕೆ ರಿಮೋಟ್ ಕೈಗೆತ್ತಿಕೊಂಡು ಕೇಳಿದಳು: “ಇದನ್ನಾರ ಮುಗಸ್ತಾರೇನು, ಮೊದ್ಲು ಕೇಳಿ ಹೇಳು.”