'ಪ್ರಯತ್ನಿಸುತ್ತೇವೆ' ಎಂಬ ಮಾತು

'ಪ್ರಯತ್ನ' ನಮ್ಮ ನಿತ್ಯವ್ಯವಹಾರದಲ್ಲಿ ಹಾಸುಹೊಕ್ಕಾಗಿರುವ ಪದ. ಮದುವೆಗೆ ಕರೆದವರಿಗೆ 'ಬರಲು ಪ್ರಯತ್ನಿಸುತ್ತೇವೆ' ಎನ್ನುತ್ತೇವೆ. ಬರುವುದಿಲ್ಲ ಎಂಬುದರ ಸಭ್ಯ ರೂಪವದು ಎಂದು ಕರೆದವರಿಗೂ ಗೊತ್ತು, ನಮಗೂ ಗೊತ್ತು.

ಈ ದೋಷದಿಂದ ನಾವೂ ಮುಕ್ತರಲ್ಲ. ಕೆಲವು ವರ್ಷಗಳ ಹಿಂದೆ ವೃದ್ಧ ತಾಯಿಯೊಬ್ಬರು ವಿಧವಾ ವೇತನದ ಅರ್ಜಿ ಹಿಡಿದು ಗುರುನಿವಾಸಕ್ಕೆ ಬಂದಿದ್ದರು. ತಾಲೂಕು ಕಚೇರಿಯಲ್ಲಿ ವಿಚಾರಿಸಬೇಕಿತ್ತು. 'ಪ್ರಯತ್ನಿಸುತ್ತೇವೆ ಅಮ್ಮ' ಎಂದೆವು. ಅರ್ಜಿ ಎರಡು ತಿಂಗಳು ಮೇಜಿನ ಮೇಲೆಯೇ ಉಳಿಯಿತು. ಅವರು ಮತ್ತೆ ಬಂದು 'ಏನಾಯಿತು ಸ್ವಾಮಿ?' ಎಂದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಪ್ರಯತ್ನ ಸೋತಿರಲಿಲ್ಲ. ಅದು ಹುಟ್ಟಿಯೇ ಇರಲಿಲ್ಲ.

ಗುರುಮಠದ ತತ್ತ್ವಶಾಸ್ತ್ರದ ತರಗತಿ ಅಂದು ನೆನಪಾಯಿತು. ಗೌತಮನ ನ್ಯಾಯಸೂತ್ರವು ಇಚ್ಛೆ, ದ್ವೇಷ, ಪ್ರಯತ್ನ, ಸುಖ, ದುಃಖ, ಜ್ಞಾನ ಎಂಬ ಆರನ್ನು ಆತ್ಮದ ಕುರುಹುಗಳೆಂದು ಎಣಿಸುತ್ತದೆ. ಇಲ್ಲಿ ಇಚ್ಛೆ ಬೇರೆ, ಪ್ರಯತ್ನ ಬೇರೆ. ನಿದ್ರಿಸುವವನ ಉಸಿರಾಟದ ಹಿಂದೆಯೂ ಒಂದು ಪ್ರಯತ್ನವಿದೆ ಎಂದು ವೈಶೇಷಿಕರು ಕಂಡುಕೊಂಡರು. ಒಂದಕ್ಷರ ನುಡಿಯಲು ಬಾಯಿಯೊಳಗೆ ನಡೆಯುವ ಶ್ರಮಕ್ಕೆ ಪಾಣಿನಿ ಬಳಸಿದ್ದೂ ಇದೇ ಪದವನ್ನು. ಹಾಗೆ ನೋಡಿದರೆ, 'ಪ್ರಯತ್ನಿಸುತ್ತೇವೆ' ಎನ್ನಲು ನಮ್ಮ ನಾಲಗೆ ಪಟ್ಟ ಶ್ರಮವಷ್ಟೇ ಆ ತಾಯಿಯ ಪಾಲಿಗೆ ದಕ್ಕಿದ್ದು!

ಪತ್ರಿಕೆಗಳಲ್ಲಿ 'ಕಳವು ಯತ್ನ', 'ಕೊಲೆ ಯತ್ನ' ಎಂಬ ಶೀರ್ಷಿಕೆಗಳನ್ನು ಓದುತ್ತೇವೆ. 1860ರ ಭಾರತೀಯ ದಂಡ ಸಂಹಿತೆಯ 511ನೇ ಕಲಮು ಅಪರಾಧದ ಯತ್ನವನ್ನೂ ಶಿಕ್ಷಾರ್ಹವೆಂದಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 62ನೇ ಕಲಮು ಆ ಸ್ಥಾನದಲ್ಲಿದೆ. ಮನಸ್ಸಿನಲ್ಲಿ ಕೇಡು ಬಗೆದ ಮಾತ್ರಕ್ಕೆ ಅದು ಯತ್ನವಾಗದು. ಅಪರಾಧದತ್ತ ಒಂದು ಕೃತ್ಯವಾದರೂ ನಡೆದಿರಬೇಕು. ಒಡವೆ ಕದಿಯಲೆಂದು ಪೆಟ್ಟಿಗೆ ಒಡೆದವನಿಗೆ ಅದು ಬರಿದಾಗಿ ಕಂಡರೂ ಅವನು ತಪ್ಪಿತಸ್ಥನೇ ಎಂಬ ಉದಾಹರಣೆಯೂ ಅಲ್ಲಿದೆ.

ಕೆಡುಕಿಗೆ ಹಿಡಿಯುವ ಈ ಅಳತೆಗೋಲನ್ನು ನಾವು ಒಳಿತಿಗೂ ಹಿಡಿಯಬೇಡವೇ? ವರ್ಷವಿಡೀ ಓದಿಯೂ ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಮಗನಿಗೆ 'ನೀನು ಪ್ರಯತ್ನವನ್ನೇ ಮಾಡಲಿಲ್ಲ' ಎಂದು ಗದರುವ ತಂದೆತಾಯಿಯರು ಇದನ್ನು ಯೋಚಿಸಬೇಕು. ಅವನು ತೆರೆದ ಪೆಟ್ಟಿಗೆ ಬರಿದಾಗಿದ್ದಿರಬಹುದು. ಅವನ ಪ್ರಯತ್ನ ಬರಿದಲ್ಲ. ಆದರೆ ಹೆಜ್ಜೆಯನ್ನೇ ಇಡದ ನಮ್ಮಂಥವರ ಸದಿಚ್ಛೆಗೆ ಆ ಹೆಸರು ಸಲ್ಲದು.

ಮರುದಿನ ನಾವು ಬಸ್ಸು ಹತ್ತಿ ತಾಲೂಕು ಕಚೇರಿಗೆ ಹೋದೆವು. ಅಧಿಕಾರಿ ಸಿಗಲಿಲ್ಲ. ಸಂಜೆ ಅಳುಕುತ್ತಲೇ ಆ ತಾಯಿಗೆ ವಿಷಯ ತಿಳಿಸಿದೆವು. 'ಹೋಗಿ ಬಂದಿರಲ್ಲ ಸ್ವಾಮಿ, ಇವತ್ತಿಗೆ ಅಷ್ಟು ಸಾಕು' ಎಂದರು ಅವರು.

ಇನ್ನು ಮುಂದೆ ಈ ಪದ ನಾಲಗೆಯ ತುದಿಗೆ ಬಂದಾಗ ಒಂದು ಕ್ಷಣ ತಡೆಯೋಣ. ಆಗದಿದ್ದರೆ ಆಗದು ಎನ್ನೋಣ. ಪ್ರಯತ್ನಿಸುತ್ತೇವೆ ಎಂದರೆ, ಅಂದು ಸೂರ್ಯ ಮುಳುಗುವ ಮೊದಲು ಒಂದು ಹೆಜ್ಜೆಯನ್ನಾದರೂ ಇಡೋಣ.