ನನ್ನ ನಂಬರ್ 92

"ಈ ವಯಸ್ಸಿನಾಗ ನಿಂಗ್ಯಾಕ ಬೇಕವಾ ಇದು?" ಅಂತ ನನ್ನ ಕೇಳದವರು ನಮ್ಮ ಓಣ್ಯಾಗ ಇನ್ನ ಯಾರೂ ಉಳದಿಲ್ಲ. ಪಿಯುಸಿ ಮುಗದು ಮೂವತ್ತೈದು ವರ್ಷದ ಮ್ಯಾಲೆ ಬಿ.ಎ.ಗೆ ಹೆಸರು ಹಚ್ಚೇನಿ. ದೂರಶಿಕ್ಷಣ, ರವಿವಾರ ಒಂದ ದಿನ ಕ್ಲಾಸು. ಅಷ್ಟು ಎಲ್ಲಾರೂ ಒಪ್ಪಿಕೊಂಡ್ರು. ಆದ್ರ ನಾ ಅರ್ಥಶಾಸ್ತ್ರ ತಗೊಂಡದ್ದು ಮಾತ್ರ ಯಾರ ಗಂಟಲಾಗೂ ಇಳೀವಲ್ದು. ಅರ್ಜಿ ತಗೊಳ್ಳೋ ಮನಷ್ಯಾನೂ, "ಅಕ್ಕಾರ, ಕನ್ನಡ ತಗೋರಿ, ಇತಿಹಾಸ ತಗೋರಿ, ಮನ್ಯಾಗಿನ ಹೆಣ್ಮಕ್ಕಳಿಗೆ ಅದು ಹಗೂರ" ಅಂದಾ. ಎಲ್ಲಾರಿಗೂ ಒಮ್ಮೆಲೆ ಉತ್ತರಾ ಕೊಟ್ಟ ಮುಗಸಬೇಕಂತ ಇದನ್ನ ಬರೀಲಿಕ್ಕತ್ತೇನಿ.

ನಾ ಹೇಳೂದು ಇಷ್ಟ. ನಮ್ಮಂಥಾ ಹೆಣ್ಮಕ್ಕಳು ಓದಲೇಬೇಕಾದ ವಿಷಯ ಯಾವುದರ ಇದ್ರ ಅದು ಮ್ಯಾಕ್ರೋ ಎಕನಾಮಿಕ್ಸ್. ಯಾಕಂದ್ರ ಅದರಾಗ ನಾವು ಇಲ್ಲ.

ಮೊದಲನೇ ಪಾಠನ ಜಿಡಿಪಿ. ಒಂದು ವರ್ಷದಾಗ ದೇಶದೊಳಗ ತಯಾರಾದ ಅಂತಿಮ ಸರಕು-ಸೇವೆಗಳ ಒಟ್ಟು ಬೆಲೆ ಅಂತ ಸರ್ ಬರಸಿದ್ರು. ನಾನೂ ಬರಕೊಂಡೆ. ಆಮ್ಯಾಲೆ ತಲ್ಯಾಗ ಲೆಕ್ಕಾ ಸುರು ಆತು. ಅಂಗಡಿಯಿಂದ ತಂದ ಜ್ವಾಳ ಲೆಕ್ಕದಾಗ ಬರ್ತದ. ಗಿರಣ್ಯಾಗ ಬೀಸಿದ್ದು ಬರ್ತದ. ಖಾನಾವಳಿಯಾಕಿ ಬಡದ ರೊಟ್ಟಿ ಬರ್ತದ. ನಾ ಬಡದ ರೊಟ್ಟಿ? "ಅದು ಬರೂದಿಲ್ರಿ, ಅದನ್ನ ನೀವು ಮಾರೂದಿಲ್ಲಲ್ಲಾ" ಅಂದ್ರು ಸರ್.

ಅದರ ಮ್ಯಾಲೆ ಒಂದು ಚ್ಯಾಷ್ಟಿ ಕಥಿನೂ ಹೇಳಿದ್ರು. ಪಿಗೂ ಅನ್ನೋ ಇಂಗ್ಲಂಡದ ಅರ್ಥಶಾಸ್ತ್ರಜ್ಞ 1920ರಾಗ ಬರದ ಪುಸ್ತಕದಾಗ ಅದ ಅಂತ. ಒಬ್ಬ ಗಂಡಸು ತನ್ನ ಮನಿಗೆಲಸದಾಕಿನ್ನ ಲಗ್ನಾ ಆದ್ರ ದೇಶದ ಆದಾಯ ಕಡಿಮಿ ಆಗ್ತದಂತ. ಕೆಲಸ ಅದ, ಕೈ ಅವ, ಪಗಾರ ಒಂದು ನಿಂತಿತು. ಹುಡುಗರೆಲ್ಲಾ ನಕ್ಕರು. ನಂಗ ನಗಿ ಬರಲಿಲ್ಲ. ನಮ್ಮತ್ತಿಯವರು ಎರಡು ವರ್ಷ ಹಾಸಿಗಿ ಹಿಡದಿದ್ರು. ಮೈ ಒರಸೂದು, ಹೊರಳಸೂದು, ಉಣಸೂದು ಎಲ್ಲಾ ನಂದ. ನಡುವ ನಂಗ ಆಪರೇಶನ್ ಆದಾಗ ಎಂಟು ದಿನ ಒಬ್ಬಾಕಿ ನರ್ಸಬಾಯಿನ್ನ ಇಟ್ಟಿದ್ವಿ. ಪಾಠದ ಪ್ರಕಾರ ಆಕಿ ಎಂಟು ದಿನ ದೇಶದ ಉತ್ಪನ್ನ. ನನ್ನ ಎರಡು ವರ್ಷ ಏನೂ ಅಲ್ಲ.

ಮಾರಲಾರದ್ದಕ್ಕ ಬೆಲಿ ಕಟ್ಟಲಿಕ್ಕೆ ಬರೂದಿಲ್ಲ ಅನ್ನೋ ಮಾತು ಖರೇ ಅಂತ ನಾನೂ ನಂಬಿದ್ದೆ, ಮುಂದಿನ ಪಾನ ತಿರುವೋತನಕ. ರೈತ ಬೆಳದು ಮನಿಗೇ ಇಟಗೊಂಡ ಜ್ವಾಳಾನೂ ಜಿಡಿಪಿ ಒಳಗ ಬರ್ತದ. ಅದನ್ನ ಅವ ಮಾರಿಲ್ಲ, ಬೆಲಿ ಅಂದಾಜು ಹಚ್ಚತಾರ. ಇನ್ನೊಂದು ಕೇಳ್ರಿ. ನೀವು ಸ್ವಂತ ಮನ್ಯಾಗ ಇದ್ರ, ಯಾರಿಗೂ ಬಾಡಗಿ ಕೊಡಲಾರದಿದ್ರೂ, ಕೊಟ್ಟಂಗ ಅಂದಾಜು ಮಾಡಿ ಆ ಬಾಡಗಿ ಜಿಡಿಪಿಗೆ ಸೇರಸ್ತಾರ. ಅಂದ್ರ ನಾಲ್ಕು ಗ್ವಾಡಿ ಲೆಕ್ಕದಾಗ ಅವ. ಆ ಗ್ವಾಡಿ ನಡುವ ಮುಂಜಾನೆ ಐದಕ್ಕ ಎದ್ದು ಕಸಾ ಹೊಡದಾಕಿ ಇಲ್ಲ!

ಬೆಲಿ ಕಟ್ಟಲಿಕ್ಕೆ ನಮ್ಮ ಸುಪ್ರೀಂ ಕೋರ್ಟಿಗೆ ಬಂದದ. 1989ರ ಮಾರ್ಚ್ 3ಕ್ಕ ಜಮಶೇಡ್‌ಪುರದಾಗ ಬೆಂಕಿ ಹತ್ತಿ ಭಾಳ ಮಂದಿ ತೀರಿಕೊಂಡ್ರು. ಅದರ ಪರಿಹಾರದ ತೀರ್ಪು 2001ರಾಗ ಬಂತು. ತೀರಿಹೋದ ಗೃಹಿಣಿಯರ ಸೇವಾಕ್ಕ ತಿಂಗಳಿಗೆ 3,000 ರೂಪಾಯಿ ಅಂತ ಕೋರ್ಟು ಹಿಡೀತು. ಕಡಿಮಿನೋ ಹೆಚ್ಚೋ, ಒಂದು ಬೆಲಿ ಆತಲ್ಲಾ. ಸತ್ತಾಕಿಗೆ ಕಟ್ಟಲಿಕ್ಕೆ ಬರೋ ಬೆಲಿ ಜೀವಂತ ಇದ್ದಾಕಿಗೆ ಯಾಕ ಬರೂದಿಲ್ಲ?

ಆಮ್ಯಾಲೆ ನಿರುದ್ಯೋಗದ ಪಾಠ. ಕೆಲಸಾ ಮಾಡೋರು ಒಂದು ಕಡೆ, ಕೆಲಸಾ ಹುಡಕೋರು ಒಂದು ಕಡೆ, ಇವರಿಬ್ಬರೂ ಕೂಡಿ ಶ್ರಮಶಕ್ತಿ. ಉಳದವರು ಹೊರಗ. ಕೇಂದ್ರ ಸರ್ಕಾರದ ಪಿಎಲ್‌ಎಫ್‌ಎಸ್ ಅನ್ನೋ ಸಮೀಕ್ಷಾದಾಗ ಒಬ್ಬೊಬ್ಬರಿಗೂ ಒಂದೊಂದು ನಂಬರ್ ಇರ್ತದ. ಬರೇ ಮನಿಗೆಲಸಾ ಮಾಡೋರಿಗೆ 92. ಅದರ ಜೊತಿಗೆ ಕಟಗಿ ತರೋರು, ಮನಿಮಟ್ಟಿಗೆ ಹೊಲಿಯೋರು ಇದ್ರ 93. ಎರಡೂ ಹೊರಗಿನವ. ನಮ್ಮನಿಯವರು "ಓದೋರದು 91, ನೀ ಒಂದು ನಂಬರ್ ಕೆಳಗ ಇಳೀಲಿಕ್ಕತ್ತಿ" ಅಂತ ಕಾಡಸ್ತಾರ. ಕಾಡಸಲಿ. ಸ್ವಂತ ನಂಬರರ ಗೊತ್ತಾತು.

ಕೇಳ್ರಿ, ನನಗೇನು ಪಗಾರ ಬೇಕಾಗಿಲ್ಲ. ಮನಿಗೆಲಸಾನ ಜಿಡಿಪಿಗೆ ಸುರುವಿದ್ರ ಎಲ್ಲಾರೂ ಕೆಲಸದಾಗ ಇದ್ದಂಗ ಕಾಣ್ತದ, ನಿರುದ್ಯೋಗ ಕಣ್ಣಿಗೇ ಬೀಳೂದಿಲ್ಲ ಅಂತ ಸರ್ ಹೇಳಿದ್ರು. ಅದು ಖರೇ ಮಾತು, ಒಪ್ಪೀನಿ. ಹಂಗಿದ್ರ ಬಾಜೂಕ ಬ್ಯಾರೆ ಲೆಕ್ಕಾ ಇಡ್ರಿ. ಮೆಕ್ಸಿಕೋ ದೇಶದವರು ಹಂಗ ಬ್ಯಾರೆ ಲೆಕ್ಕಾ ಮಾಡಿ ಪ್ರಕಟಸ್ತಾರ. ನಮ್ಮಲ್ಲೆ 2019ರಾಗ ಸಮಯ ಬಳಕೆ ಸಮೀಕ್ಷಾ ಮಾಡ್ಯಾರ. ಆಗ ಮನಿಗೆಲಸಾ ಮಾಡೋ ಹೆಂಗಸರು ಅದಕ್ಕ ದಿನಕ್ಕ 299 ನಿಮಿಷ ಕೊಡ್ತಿದ್ರು, ಮಾಡೋ ಗಂಡಸರು 97. ನಿಮಿಷ ಎಣಸ್ಯಾರಂದ್ರ ರೂಪಾಯಿ ಎಣಸೂದು ಎಷ್ಟರ ಮಾತು?

"ಲೆಕ್ಕದಾಗ ಬಂದ್ರ ಏನು ಸಿಗ್ತದವಾ?" ಅಂತ ಬಾಜೂಮನಿ ವೈನಿ ಕೇಳಿದ್ರು. ಹೇಳ್ತೀನಿ. ನಳ ರಾತ್ರಿ ಎರಡಕ್ಕ ಬಂದ್ರ ಕೊಡಾ ಹಿಡದು ಕೂಡೋರು ನಾವು. ಆ ನಿದ್ದಿ ಯಾವ ಲೆಕ್ಕದಾಗೂ ಖರ್ಚಲ್ಲ, ಅದಕ್ಕ ಹಗಲು ನೀರು ಬಿಡೂ ಅವಸರ ಯಾರಿಗೂ ಇಲ್ಲ. ದವಾಖಾನಿಯವರು ಎರಡು ದಿನ ಮೊದಲ ಪೇಶಂಟನ್ನ ಮನಿಗೆ ಕಳಸಿದ್ರ ಅವರ ಹಾಸಿಗಿ ಉಳೀತು. ಆದ್ರ ಆ ಎರಡು ದಿನದ ಕೆಲಸ ಎಲ್ಲೂ ಹೋಗಿಲ್ಲ, ನಮ್ಮ ಮನಿಗೆ ಬಂತು. ಪುಕ್ಕಟೆ ಅಂತ ಬರದಿಟ್ಟದ್ದನ್ನ ಉಳಸಬೇಕು ಅಂತ ಯಾರಿಗೂ ಅನಸೂದಿಲ್ಲ.

ಅದಕ್ಕ ಹೇಳ್ತೀನಿ, ಈ ವಿಷಯ ಗಂಡಸರಿಗೆ ಬಿಟ್ಟು ಕೂಡಬ್ಯಾಡ್ರಿ. ಗಣಿತ ಭಾಳೇನಿಲ್ಲ. ಚೀಟಿ ನಡಸಿದವರಿಗೆ, ಭಿಶಿ ಹಾಕಿದವರಿಗೆ ತಿಳಿಯಲಾರದಂಥಾದ್ದು ಏನೂ ಇಲ್ಲ. ಪರೀಕ್ಷಾದಾಗ ನಾನೂ ಜಿಡಿಪಿ ಅಂದ್ರ ಏನು ಅಂತ ಸರ್ ಬರಸಿದ್ದ ಬರದು ಬರ್ತೀನಿ, ಮಾರ್ಕ್ಸ್ ಬೇಕಲ್ಲಾ. ಆದ್ರ ಏನು ಬಿಟ್ಟಾರ ಅನ್ನೂದನ್ನ ಕೆಳಗ ಒಂದು ಸಾಲು ಬರದ ಬರ್ತೀನಿ.

ಬರೋ ವರ್ಷ ಯಾರ್ಯಾರು ಹೆಸರು ಹಚ್ಚತೀರಿ ಹೇಳ್ರಿ. ನನ್ನ ಪುಸ್ತಕಾ ಕೊಡ್ತೀನಿ. ಬದಿಗೆ ಪೆನ್ಸಿಲ್ಲಿಲೆ ಏನೇನೋ ಗೀಚೇನಿ, ಅಳಸಬ್ಯಾಡ್ರಿ, ನಿಮ್ಮದನ್ನೂ ಅದರ ಕೆಳಗ ಬರೀರಿ.