ಪತ್ರ ಬರೆದ ಮೇಲೆ ಬರುವ ನೀರು

ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀವಿ. 2015ರಲ್ಲಿ ದೇಶಗಳು ಒಪ್ಪಿಕೊಂಡವು, 2030ರೊಳಗೆ ಮುಟ್ಟಬೇಕು. ಆರನೇ ಗುರಿಯೊಳಗೆ, ಗಡಿ ದಾಟುವ ನದಿಗಳನ್ನು ಎರಡೂ ಕಡೆಯವರು ಕೂಡಿ ನಿಭಾಯಿಸಬೇಕು ಅಂತಿದೆ. ಉದಾಹರಣೆ ಕೇಳಿದರೆ ನಾವು ನೈಲ್, ಮೆಕಾಂಗ್ ಅಂತ ಬರೀತೀವಿ. ಕೃಷ್ಣಾ ಅಂತ ಯಾಕೆ ಬರೆಯಲ್ಲ?

ನಮ್ಮಲ್ಲಿ ಕೆಲವರ ಊರು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ. ನಿಪ್ಪಾಣಿಗೆ ವೇದಗಂಗಾ, ದೂಧಗಂಗಾ. ಉಳಿದ ಕಡೆ ಹೆಚ್ಚಾಗಿ ಕೃಷ್ಣಾ. ಮೂರೂ ಹರಿದು ಬರೋದು ಮಹಾರಾಷ್ಟ್ರದಿಂದ. ಜುಲೈನಲ್ಲಿ ಜೋರು ಮಳೆಯಾದರೆ ಕಲ್ಲೋಳ-ಯಡೂರ ಸೇತುವೆ ಮುಳುಗುತ್ತದೆ. ಮೇ ತಿಂಗಳಲ್ಲಿ ಅದೇ ನದಿಯಲ್ಲಿ ಕಲ್ಲು ಕಾಣುತ್ತವೆ. ಆಗ ನಮ್ಮ ಸರ್ಕಾರ ಅವರಿಗೆ ಪತ್ರ ಬರೆಯುತ್ತದೆ. 2023ರ ಮೇ ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಹಾಗೇ ಬರೆದು, ವಾರಣಾ ಇಲ್ಲವೇ ಕೊಯ್ನಾದಿಂದ ಕೃಷ್ಣೆಗೆ 2 ಟಿಎಂಸಿ ನೀರು ಕೇಳಿದರು. ಕೊಯ್ನಾದಲ್ಲಿ ಹಿಡಿಯೋದು ಸುಮಾರು 105 ಟಿಎಂಸಿ.

ಪ್ರವಾಹಕ್ಕೆ ಮಾತ್ರ ಎರಡೂ ರಾಜ್ಯ ಕೂಡಿ ಕೂತಿವೆ. 2019ರ ಮಹಾಪೂರದಲ್ಲಿ ಸಾಂಗಲಿ, ಕೊಲ್ಲಾಪುರವೂ ಮುಳುಗಿದವು, ನಮ್ಮ ಹಳ್ಳಿಗಳೂ ಮುಳುಗಿದವು. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲ ಬೆಂಗಳೂರಿಗೇ ಬಂದು ಯಡಿಯೂರಪ್ಪನವರ ಜೊತೆ ಮಾತಾಡಿದರು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ. ದೂಧಗಂಗಾ ಮೇಲಿನ ಕಾಳಮ್ಮವಾಡಿ ಅಣೆಕಟ್ಟೆ ಎರಡೂ ರಾಜ್ಯಗಳ ಜಂಟಿ ಯೋಜನೆಯೇ, ಅಲ್ಲಿ ನಮ್ಮ ಪಾಲು ಕಾಗದದ ಮೇಲಿದೆ.

ಬೇಸಿಗೆಯ ಕೃಷ್ಣೆಗೂ ಅಂಥದೇ ಕಾಗದ ಬೇಕು ಅನ್ನೋದು ನಮ್ಮ ವಾದ. ಅವರು ನಮಗೆ ಕೊಯ್ನಾ ನೀರು ಬಿಡೋದು, ನಾವು ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಅವರ ಬರಪೀಡಿತ ಜತ್ ತಾಲ್ಲೂಕಿಗೆ ನೀರು ಕೊಡೋದು ಅಂತ ವಿನಿಮಯದ ಮಾತು ಮೊದಲೇ ಬಂದಿದೆ. ಜತ್‌ನಲ್ಲಿ ಕನ್ನಡ ಮಾತಾಡುವವರು ಬಹಳ ಜನ. ಇದರಲ್ಲಿ ಸೋಲುವವರು ಯಾರು?

ಹಾಗಂತ ತಪ್ಪೆಲ್ಲ ಅವರದೇ ಅನ್ನೋಕಾಗಲ್ಲ. ನೀರು ಬಂದ ಕೂಡಲೇ ಹೊಳೆದಂಡೆಯ ಪಂಪ್‌ಸೆಟ್ ಎಲ್ಲ ಒಟ್ಟಿಗೆ ಶುರುವಾಗಿ ಕಬ್ಬಿಗೇ ಹೋದರೆ, ಕೊನೆಯ ಊರಿನ ಕೊಡ ತುಂಬೋದು ಹೇಗೆ? ಕೇಳುವವರು ಲೆಕ್ಕವನ್ನೂ ಕೊಡಬೇಕು. ಹನಿ ನೀರಾವರಿ, ಬ್ಯಾರೇಜಿಗೊಂದು ಮಟ್ಟಮಾಪಕ, ಎರಡೂ ರಾಜ್ಯದವರಿಗೆ ಕಾಣುವ ದಿನದ ಅಂಕಿ. ಇದೆಲ್ಲ ಇಂಜಿನಿಯರ್ ಕೆಲಸವೇ. ಮುಂದಿನ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟಿಗೆ ಇನ್ನೊಂದು ಪಾರ್ಕಿಂಗ್ ಆ್ಯಪ್ ಮಾಡುವ ಬದಲು ಇದನ್ನೇ ತಗೋಬಹುದಲ್ಲ?